ಮಗಳು ಬ್ಯಾಂಡಿಗೆ ಸೇರುತ್ತಾಳಂತೆ: ಬೇಡ ಎನ್ನುವ ಮೊದಲು



ಆಗಸ್ಟ್ 15ರಂದು ನೆಹರೂ ಮೈದಾನದಲ್ಲಿ ಶಾಲಾ ಮಕ್ಕಳು ಬ್ಯಾಂಡ್ ಬಾರಿಸುತ್ತಾ ಬರುವಾಗ ನಾವೆಲ್ಲ ನಿಂತು ನೋಡುತ್ತೇವೆ. ಹಬ್ಬದ ಮೆರವಣಿಗೆಗೆ, ಮದುವೆಗೆ ಬ್ಯಾಂಡ್ ಇಲ್ಲದಿದ್ದರೆ ಏನೋ ಕಡಿಮೆಯಾದಂತೆ ಅನಿಸುತ್ತದೆ. ಆದರೆ ನಮ್ಮದೇ ಮಗಳು "ಅಮ್ಮ, ನಾನು ಶಾಲೆಯ ಬ್ಯಾಂಡಿಗೆ ಸೇರ್ತೇನೆ" ಎಂದರೆ? "ಓದೋದು ಬಿಟ್ಟು ಬಿಸಿಲಲ್ಲಿ ಡೋಲು ಬಡಿಯೋದಾ?" ಎಂದು ಬಾಯಿ ಮುಚ್ಚಿಸುತ್ತೇವೆ. ಆ ಸಾಲಿನಲ್ಲಿ ಮಗು ಏನು ಕಲಿಯುತ್ತದೆ ಎಂದು ಸ್ವಲ್ಪ ನೋಡೋಣ.

ಕುಳಿತು ನುಡಿಸುವುದು ಬೇರೆ, ನಡೆಯುತ್ತಾ ನುಡಿಸುವುದು ಬೇರೆ. ದೊಡ್ಡ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುವಾಗ ಎಲ್ಲರ ಎಡಗಾಲು ನೆಲಕ್ಕೆ ತಾಗಬೇಕು. ಕವಾಯತಿನ ವೇಗ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಕಾಲು ಲೆಕ್ಕ ಇಡುತ್ತದೆ, ಕೈ ಬಾರಿಸುತ್ತದೆ, ಕಣ್ಣು ಮುಂದಿರುವ ನಾಯಕಿಯ ಮೇಲೆ, ಕಿವಿ ಪಕ್ಕದವಳ ಕಡೆ. ತಿರುವಿನಲ್ಲಿ ಒಳಬದಿಯವರು ಚಿಕ್ಕ ಹೆಜ್ಜೆ ಇಡಬೇಕು, ಹೊರಬದಿಯವರು ದೊಡ್ಡದು. ಇಲ್ಲದಿದ್ದರೆ ಸಾಲು ಮುರಿಯುತ್ತದೆ. ತಾಳ ಹೀಗೆ ಮೈಯೊಳಗೇ ಇಳಿಯುತ್ತದೆ.

ಊದುವವರಿಗೆ ಇನ್ನೊಂದು ಪಾಠ ಉಂಟು. ಬ್ಯೂಗಲಿಗೆ ಒತ್ತುವ ಗುಂಡಿಗಳೇ ಇಲ್ಲ. ಸ್ವರ ಬದಲಾಗುವುದು ತುಟಿ ಮತ್ತು ಉಸಿರಿನಿಂದ ಮಾತ್ರ. ಉದ್ದದ ಸ್ವರ ಹಿಡಿದಾಗ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಅದಕ್ಕೆ ಒಬ್ಬಳು ಉಸಿರೆಳೆಯುವಾಗ ಪಕ್ಕದವಳು ಊದುತ್ತಿರುತ್ತಾಳೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಸಂಘದಲ್ಲಿ ಒಬ್ಬಳಿಗೆ ಕಷ್ಟದ ವಾರ ಬಂದರೆ ಉಳಿದವರು ಕಂತು ಹೊಂದಿಸುವುದಿಲ್ಲವಾ, ಹಾಗೆ. ತರಗತಿಯಲ್ಲಿ ಬಾಯಿ ತೆರೆಯಲು ನಾಚುವ ಮಗುವಿಗೆ, ತಾನು ಬಾರದಿದ್ದರೆ ಸಾಲಿನಲ್ಲಿ ಒಂದು ಜಾಗ ಖಾಲಿ ಕಾಣುತ್ತದೆ ಎಂಬುದು ಸಣ್ಣ ಮಾತಲ್ಲ.

"ಡ್ರಮ್ ಹುಡುಗರಿಗೆ" ಎನ್ನುವವರು ಈಗಲೂ ಇದ್ದಾರೆ. ಗಣರಾಜ್ಯೋತ್ಸವದ ಅಂಗವಾಗಿ ನಡೆಯುವ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಹುಡುಗಿಯರಿಗೆಂದೇ ಬ್ರಾಸ್ ಬ್ಯಾಂಡ್, ಪೈಪ್ ಬ್ಯಾಂಡ್ ವಿಭಾಗಗಳಿವೆ ಎಂದು ಅವರಿಗೆ ಹೇಳಿ.

ಮುಂದೆ ಉದ್ಯೋಗ? ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಬ್ಯಾಂಡ್ ಉಂಟು. ನಮ್ಮ ಕೊಡಗಿನ ಜನರಲ್ ಕಾರಿಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ, 1950ರಲ್ಲಿ, ಮಧ್ಯಪ್ರದೇಶದ ಪಚಮಢಿಯಲ್ಲಿ ಸೈನಿಕ ಸಂಗೀತದ ತರಬೇತಿ ಕೇಂದ್ರ ಆರಂಭವಾಯಿತು. ಆದರೆ ಕೆಲಸ ಸಿಗುವುದು ಕೆಲವರಿಗೆ ಮಾತ್ರ. ಆ ಆಸೆಯಿಂದಲೇ ಮಗುವನ್ನು ಕಳುಹಿಸಬೇಡಿ.

ಖರ್ಚಿನ ವಿಷಯ. ಸಂಘದಿಂದ ಸಾಲ ತೆಗೆದು ಟ್ರಂಪೆಟ್ ಕೊಳ್ಳುವ ಅಗತ್ಯ ಖಂಡಿತ ಇಲ್ಲ, ಶಾಲೆಯ ವಾದ್ಯದಲ್ಲೇ ಕಲಿಯಲಿ. ಸಮವಸ್ತ್ರ, ಶೂಗಳ ಹಣ ಯಾರು ಕೊಡಬೇಕೆಂದು ಮೊದಲೇ ಕೇಳಿ. ಪರೀಕ್ಷೆಯ ಸಮಯದಲ್ಲಿ ಅಭ್ಯಾಸಕ್ಕೆ ರಜೆ ಉಂಟಾ ಎಂದೂ ವಿಚಾರಿಸಿ. ಸಣ್ಣ ಮೈಯ ಮಗುವಿಗೆ ದೊಡ್ಡ ಡ್ರಮ್ ಹೊರಿಸಿದರೆ ಬೆನ್ನು ನೋವು ಬರುತ್ತದೆ, ಸಂಕೋಚಪಡದೆ ಟೀಚರಿಗೆ ಹೇಳಿ. ದಮ್ಮು ಇರುವ ಮಗುವಾದರೆ ಊದುವ ವಾದ್ಯಕ್ಕೆ ಮೊದಲು ಡಾಕ್ಟರರನ್ನು ಕೇಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಭ್ಯಾಸಕ್ಕೆ ಕಳುಹಿಸಬೇಡಿ, ನೀರಿನ ಬಾಟ್ಲಿ ಚೀಲದಲ್ಲಿರಲಿ.