ರಾತ್ರಿ ಬೆಕ್ಕು ಎಲ್ಲಿಗೆ ಹೋಗುತ್ತದೆ?

ಇಲಿ ಕಾಟ ತಪ್ಪಲಿ ಅಂತ ನಾವು ಬೆಕ್ಕು ಸಾಕುತ್ತೇವೆ. ರಾಗಿ ಮೂಟೆ ಉಳಿಯುತ್ತದೆ. ಹಗಲೆಲ್ಲ ಅದು ಒಲೆಯ ಮುಂದೆ ಮಲಗಿರುತ್ತದೆ. ಕತ್ತಲಾದರೆ ಹೊರಗೆ ಹೊರಡುತ್ತದೆ. ಎಲ್ಲಿಗೆ? ನಾವು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಬಂತಲ್ಲ, ಸಾಕು ಅಂತೀವಿ.

ಅದು ತಿಪ್ಪೆ ಕೆದರುತ್ತದೆ. ಬೇರೆ ಬೆಕ್ಕಿನ ಜೊತೆ ಕಚ್ಚಾಡುತ್ತದೆ. ರಸ್ತೆಯಲ್ಲಿ ಲಾರಿಗೆ ಸಿಗುತ್ತದೆ. ಪಾಷಾಣ ತಿಂದ ಇಲಿಯನ್ನು ತಿಂದು ತಾನೂ ಸಾಯಬಹುದು. ಬೀದಿ ನಾಯಿಯೂ ಅದನ್ನು ಕಚ್ಚಬಹುದು. ಇದು ನಮಗೂ ಅಪಾಯ.

ಹುಚ್ಚು ನಾಯಿ ಕಚ್ಚಿದರೆ ಬೆಕ್ಕಿಗೂ ಹುಚ್ಚು ಹಿಡಿಯುತ್ತದೆ. ಈ ರೋಗದ ಹೆಸರು ರೇಬೀಸ್. ರೋಗದ ವಿಷ ಜೊಲ್ಲಿನಲ್ಲಿ ಇರುತ್ತದೆ. ಬೆಕ್ಕು ಸದಾ ತನ್ನ ಪಂಜ ನೆಕ್ಕುತ್ತದೆ. ಅದಕ್ಕೇ ಪರಚಿದ ಗಾಯವನ್ನೂ "ಬೆಕ್ಕು ತಾನೇ" ಅಂತ ಬಿಡುವ ಹಾಗಿಲ್ಲ. ಸಾಧು ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಹಾರಿದರೆ, ಜೊಲ್ಲು ಸುರಿಸಿದರೆ, ಮೂಲೆ ಸೇರಿದರೆ ಮುಟ್ಟಬಾರದು. ಮಕ್ಕಳನ್ನು ದೂರ ಇಡಬೇಕು.

ಕಚ್ಚಿದರೆ, ಪರಚಿದರೆ ಏನು ಮಾಡುವುದು? ಕೂಡಲೇ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ನೀರು ಸುರಿಯುತ್ತಾ ಇರಬೇಕು. 15 ನಿಮಿಷ ಅಂದರೆ ಒಂದು ಪಾವು ಅಕ್ಕಿ ಬೆಂದು ಅನ್ನವಾಗುವಷ್ಟು ಹೊತ್ತು. ಸುಣ್ಣ, ಅರಿಸಿನ, ಖಾರದ ಪುಡಿ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಒಂದು ದಿನದ ಕೂಲಿ ಹೋದರೆ ಹೋಗಲಿ.

"ಹೊಕ್ಕುಳ ಸುತ್ತ 14 ಸೂಜಿ ಚುಚ್ತಾರೆ ಕಣಕ್ಕಾ" ಅಂತ ಈಗಲೂ ಹೆದರುವವರಿದ್ದಾರೆ. ಆ ಹಳೇ ಲಸಿಕೆ ತಯಾರಿಸುವುದನ್ನು ನಮ್ಮ ದೇಶದಲ್ಲಿ 2004ರಲ್ಲೇ ನಿಲ್ಲಿಸಿದರು. ಈಗ ತೋಳಿಗೆ ಕೊಡುತ್ತಾರೆ. ನಾಲ್ಕೈದು ಸಲ ಹೋಗಬೇಕು. ರಕ್ತ ಬಂದಿದ್ದರೆ ಗಾಯದ ಒಳಕ್ಕೂ ಒಂದು ಮದ್ದು ಚುಚ್ಚುತ್ತಾರೆ. ಬೇಡ ಅನ್ನಬಾರದು. ಬಸುರಿಯರು, ಬಾಣಂತಿಯರೂ ಲಸಿಕೆ ಹಾಕಿಸಿಕೊಳ್ಳಬಹುದು. ಮತ್ತೆ ಯಾವ ದಿನ ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಚೀಟಿಯನ್ನು ಈಗ ನಾವೇ ಓದಬಹುದು. ಗಾಯ ಮಾಯಿತು ಅಂತ ನಡುವೆ ಬಿಡಬಾರದು. ಈ ರೋಗ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತದೆ. ಎತ್ತಿತೋ, ಯಾವ ಔಷಧಿಯೂ ನಾಟುವುದಿಲ್ಲ. ಸಾವೇ.

ಹಾಗಂತ ಬೆಕ್ಕನ್ನು ಹಸುವಿನ ಹಾಗೆ ಗೂಟಕ್ಕೆ ಕಟ್ಟೋಕಾಗುತ್ತಾ? ಆಗಲ್ಲ. ಸಂಜೆ ಹೊಟ್ಟೆ ತುಂಬ ಹಾಕಿ ಬಾಗಿಲು ಮುಚ್ಚಬಹುದು. ಹಳೇ ಬೋಗುಣಿಯಲ್ಲಿ ಮರಳು ಇಟ್ಟರೆ ಹೊಲಸು ಅಲ್ಲೇ ಮಾಡುತ್ತದೆ. ಆ ಮರಳನ್ನು ಬಸುರಿಯರು ಎತ್ತಬಾರದು. ಹೊಲಸಿನಿಂದ ಹೊಟ್ಟೆಯ ಮಗುವಿಗೆ ಬೇರೊಂದು ರೋಗ ತಗಲಬಹುದು. ಮರಿಗೆ ಮೂರು ತಿಂಗಳು ತುಂಬಿದಾಗ ಪಶು ಆಸ್ಪತ್ರೆಯಲ್ಲಿ ಹುಚ್ಚಿನ ಲಸಿಕೆ ಹಾಕಿಸಬೇಕು. ಆಮೇಲೆ ವರ್ಷಕ್ಕೊಮ್ಮೆ. ಬುಟ್ಟಿಯಲ್ಲಿ ಕೂರಿಸಿ ಮೇಲೆ ಹಳೇ ಸೀರೆ ಕಟ್ಟಿಕೊಂಡು ಹೋದರೆ ದಾರಿಯಲ್ಲಿ ತಪ್ಪಿಸಿಕೊಳ್ಳುವುದಿಲ್ಲ.