ಹಿಂದಿನ ಹತ್ತು ವರ್ಷದ ಲೆಕ್ಕ

ಅಮೆರಿಕದಲ್ಲಿ ಭಾರಿ ಟ್ರಕ್ ಓಡಿಸುವ ಕೆಲಸ ಬೇಕಾದವರು ಲೈಸೆನ್ಸ್ ತೋರಿಸಿದರಷ್ಟೇ ಸಾಲದು. ಹಿಂದಿನ ಹತ್ತು ವರ್ಷ ಯಾರ ಬಳಿ ದುಡಿದೆ ಎಂಬ ಲೆಕ್ಕವನ್ನೂ ಒಪ್ಪಿಸಬೇಕು. ಕೇಂದ್ರ ಸರ್ಕಾರದ ನಿಯಮ ಇದನ್ನು ಎರಡು ಪಾಲು ಮಾಡಿದೆ. ಕಳೆದ ಮೂರು ವರ್ಷದಲ್ಲಿ ಕೆಲಸ ಕೊಟ್ಟವರ ಹೆಸರೆಲ್ಲ ಬೇಕು, ಅದು ಹೋಟೆಲಾದರೂ ಸರಿ, ಗೋದಾಮಾದರೂ ಸರಿ. ಅದಕ್ಕೂ ಹಿಂದಿನ ಏಳು ವರ್ಷಕ್ಕೆ, ವಾಣಿಜ್ಯ ವಾಹನ ಓಡಿಸಿದ ಕಡೆಗಳನ್ನು ಬರೆದರೆ ಸಾಕು. ಕಂಪನಿಯ ವಿಳಾಸ, ಸೇರಿದ ಮತ್ತು ಬಿಟ್ಟ ತಾರೀಕು, ಬಿಟ್ಟ ಕಾರಣ, ಇವನ್ನೆಲ್ಲ ತುಂಬಿ, ಬರೆದದ್ದು ನಿಜವೆಂದು ಕೊನೆಗೆ ಸಹಿ ಹಾಕಬೇಕು. ಮೇಲ್ನೋಟಕ್ಕೆ ಇದು ಚಾಲಕರ ಮೇಲಿನ ಅಪನಂಬಿಕೆಯಂತೆ ಕಾಣುತ್ತದೆ. ಆದರೆ ಈ ಲೆಕ್ಕಕ್ಕೆ ಬೇಕಾದ ಕಾಗದಗಳು ಚಾಲಕನ ಕೈಯಲ್ಲೇ ಇದ್ದರೆ ಲಾಭ ಹೆಚ್ಚಾಗಿ ಅವನಿಗೇ. ಹಳೆಯ ಕಂಪನಿಗಳ ಕಡತವನ್ನು ನಂಬಿ ಕೂತರೆ ನಷ್ಟವೂ ಅವನಿಗೇ.

ಗಾಡಿ ಓಡಿಸಿ ತೋರಿಸಿದ ಮೇಲೆ ಹಳೆಯ ಪುರಾಣವೇಕೆ ಎಂದು ಕೇಳುವವರಿದ್ದಾರೆ. ಪರೀಕ್ಷೆಯ ದಿನ ಮೈಯೆಲ್ಲ ಕಣ್ಣಾಗಿ ಓಡಿಸುವುದು ಯಾರಿಗೂ ಕಷ್ಟವಲ್ಲ. ಮೂರನೇ ರಾತ್ರಿ, ನಿದ್ದೆಗೆಟ್ಟಾಗ ಹೇಗೆ ಓಡಿಸುತ್ತಾನೆ ಎಂಬುದು ಆ ಅರ್ಧ ಗಂಟೆಯಲ್ಲಿ ತಿಳಿಯುವುದಿಲ್ಲ. 1986ರ ಕಾನೂನು ಬರುವ ಮೊದಲು ಅಲ್ಲಿ ಕೆಲವರು ಹಲವು ರಾಜ್ಯಗಳಿಂದ ಒಂದೊಂದು ಲೈಸೆನ್ಸ್ ಪಡೆದು ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಒಂದರ ಮೇಲೆ ದಂಡ ಬಿದ್ದರೆ ಮುಂದಿನ ಸಲ ಇನ್ನೊಂದನ್ನು ತೋರಿಸುವುದು. ಒಬ್ಬ ಚಾಲಕನಿಗೆ ಒಂದೇ ಲೈಸೆನ್ಸ್ ಎಂಬ ಕಟ್ಟುಪಾಡು ಬಂದದ್ದು ಆ ಚಾಳಿಯಿಂದ. ದೊಡ್ಡ ಸಾಗಣೆ ಕಂಪನಿಗಳಲ್ಲಿ ವರ್ಷಕ್ಕೆ ಶೇ. 90ರ ಆಸುಪಾಸಿನಲ್ಲಿ ಚಾಲಕರು ಬದಲಾದ ಕಾಲವೂ ಉಂಟು. ಇಂಥ ಓಡಾಟದ ಕಸುಬಿನಲ್ಲಿ ಹಿಂದಿನದನ್ನು ಕೇಳದೆ ನೂರಾರು ಮೈಲಿಯ ಹೆದ್ದಾರಿಗೆ ಯಾರನ್ನಾದರೂ ಬಿಡುವುದು ಹೇಗೆ?

ಕೇಳುವುದೇನೋ ಸರಿ, ಉತ್ತರ ಕೊಡುವವರು ಯಾರು? ಹೊಸ ಕಂಪನಿ, ಮೂರು ವರ್ಷದೊಳಗಿನ ಹಳೆಯ ಸಾಗಣೆ ಕಂಪನಿಗಳಿಗೆಲ್ಲ ಬರೆದು ವಿಚಾರಿಸಬೇಕು. ಅವು 30 ದಿನದಲ್ಲಿ ಉತ್ತರಿಸಬೇಕು. ಆದರೆ ಮುಚ್ಚಿಹೋದ ಕಂಪನಿಗೆ ಯಾವ ವಾಯಿದೆ? 2019ರ ಡಿಸೆಂಬರಿನಲ್ಲಿ ಇಂಡಿಯಾನಾಪೊಲಿಸಿನ ಸೆಲಡಾನ್ ದಿವಾಳಿಯಾದಾಗ ಸುಮಾರು 3,000 ಚಾಲಕರ ಕೆಲಸ ಹೋಯಿತು. ಕೆಲವರ ಇಂಧನ ಕಾರ್ಡುಗಳು ದಾರಿಯಲ್ಲೇ ನಿಂತವು. 2023ರಲ್ಲಿ ಯೆಲ್ಲೋ ಬಾಗಿಲು ಹಾಕಿದಾಗ ಬೀದಿಗೆ ಬಿದ್ದವರು ಸುಮಾರು 30,000. ಇಂಥ ಕಡೆ ದುಡಿದವನ ಪಾಲಿಗೆ ಸಾಕ್ಷಿ ಹೇಳಬೇಕಾದ ಕಚೇರಿಯಲ್ಲಿ ಫೋನ್ ಎತ್ತುವವರೇ ಇರುವುದಿಲ್ಲ. ಆಗ ಆಸರೆಯಾಗುವುದು ಅವನ ಸ್ವಂತ ಕಾಗದ. ವರ್ಷದ ಕೊನೆಗೆ ಸಿಗುವ ಡಬ್ಲ್ಯು-2 ನಮೂನೆಯಲ್ಲಿ ಕಂಪನಿಯ ಹೆಸರೂ ಸಂಬಳವೂ ಇರುತ್ತದೆ. ಅದು ಕಳೆದುಹೋಗಿದ್ದರೆ ತೆರಿಗೆ ಇಲಾಖೆಯಿಂದ ವೇತನದ ವಿವರಪಟ್ಟಿಯನ್ನು ಪುಕ್ಕಟೆಯಾಗಿ ತರಿಸಿಕೊಳ್ಳಬಹುದು. ಇಷ್ಟಾದರೂ ಅದರಿಂದ ದುಡಿದ ವರ್ಷ ತಿಳಿಯುತ್ತದೆಯೇ ಹೊರತು ತಿಂಗಳು ತಿಳಿಯುವುದಿಲ್ಲ. ಓಡಿಸಿದ್ದು ಹದಿನೆಂಟು ಗಾಲಿಯದೋ ಸಣ್ಣ ವ್ಯಾನೋ ಎಂಬುದೂ ತಿಳಿಯುವುದಿಲ್ಲ. ವಾರವಾರದ ಪಾವತಿ ಚೀಟಿ ಇದಕ್ಕಿಂತ ಗಟ್ಟಿ: ಲೋಡಿನ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಎಷ್ಟು ಮೈಲಿ, ಏನೇನು ಕಡಿತ, ಎಲ್ಲ ಅದರಲ್ಲಿರುತ್ತದೆ. ಜನ ಮೊದಲು ಕಸಕ್ಕೆ ಹಾಕುವುದೂ ಇದನ್ನೇ. ಕೆಲಸವಿಲ್ಲದೆ ಕಳೆದ ತಿಂಗಳುಗಳಿಗೂ ಹಲವು ಕಂಪನಿಗಳು ಪುರಾವೆ ಕೇಳುತ್ತವೆ. ನಿರುದ್ಯೋಗ ಭತ್ಯೆಯ ಪತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಕಡೆಯ ಲಾರಿ ಚಾಲಕರ ಪಾಡು ಇನ್ನೂ ತೆಳು. ಒಂದೆರಡು ಲಾರಿಯ ಧಣಿ ಬಾಟಾವನ್ನು ಕೈಗೆ ಕೊಟ್ಟು ಕಳಿಸುತ್ತಾನೆ. ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ 20 ಜನರಿರುವ ಸಂಸ್ಥೆಗೆ ಅನ್ವಯಿಸುವುದರಿಂದ ಅವನಿಗೆ ತಟ್ಟುವುದಿಲ್ಲ. ಇಪ್ಪತ್ತು ವರ್ಷ ಘಾಟಿ ಹತ್ತಿಳಿದವನ ಬಳಿ ಲೈಸೆನ್ಸೊಂದನ್ನು ಬಿಟ್ಟು ಬೇರೆ ಕಾಗದ ಇಲ್ಲದಿರುವುದು ಅಪರೂಪವೇನಲ್ಲ. ಹೊರದೇಶದ ಕೆಲಸಕ್ಕೆ ಅನುಭವದ ಪತ್ರ ಕೇಳಿದಾಗಲೇ ಈ ಕೊರತೆ ಕಣ್ಣಿಗೆ ಬೀಳುವುದು.

ತಂಟೆಯಾದ ಕಂಪನಿಯ ಹೆಸರನ್ನೇ ಬಿಟ್ಟರಾಯಿತು ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಅಮೆರಿಕದಲ್ಲಿ ಅದು ಈಗ ನಡೆಯುವುದು ಕಷ್ಟ. ಚಾಲಕ ಒಪ್ಪಿಗೆ ಕೊಟ್ಟರೆ ಐದು ವರ್ಷದ ಅಪಘಾತ, ಮೂರು ವರ್ಷದ ರಸ್ತೆಬದಿ ತಪಾಸಣೆಯ ವಿವರ ಸರ್ಕಾರಿ ದಾಖಲೆಯಿಂದಲೇ ಬರುತ್ತದೆ, ಆ ದಿನ ಗಾಡಿ ಯಾವ ಕಂಪನಿಯದಾಗಿತ್ತು ಎಂಬುದರ ಸಮೇತ. ಮಾದಕವಸ್ತು ಮತ್ತು ಮದ್ಯದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಕೇಂದ್ರ ದಾಖಲೆ 2020ರ ಜನವರಿ 6ರಿಂದ ಜಾರಿಯಲ್ಲಿದೆ. ಬಿಟ್ಟ ಹೆಸರು ಹೀಗೆ ಹೊರಬಂದರೆ, ಮೂಲ ತಪ್ಪಿಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೆ. ಒಬ್ಬ ಮೇಲ್ವಿಚಾರಕ ಸಿಟ್ಟಿನಲ್ಲಿ ಬರೆದ ಒಂದು ಸಾಲು ವರ್ಷಗಟ್ಟಲೆ ಬೆನ್ನು ಹತ್ತಬಹುದಲ್ಲ? ಹತ್ತುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಚಾಲಕರ ಚರಿತ್ರೆ ಮಾರುವ ಖಾಸಗಿ ಸಂಸ್ಥೆಗಳ ವರದಿಯಲ್ಲಿ ‘ಗಾಡಿಯನ್ನು ನಡುದಾರಿಯಲ್ಲಿ ಬಿಟ್ಟುಹೋದ’ ಎಂಬ ಷರಾ ಬಿದ್ದರೆ ಅನೇಕ ಬಾಗಿಲು ಮುಚ್ಚುತ್ತವೆ. ಹಳೆಯ ಕಂಪನಿಯನ್ನು ಕೋರ್ಟಿಗೆಳೆಯುವುದೂ ಸುಲಭವಲ್ಲ. ಸುಳ್ಳೆಂದು ತಿಳಿದೇ ಬರೆದಿರದಿದ್ದರೆ, ನಿಯಮದಂತೆ ಮಾಹಿತಿ ಕೊಟ್ಟವರಿಗೆ ಮಾನನಷ್ಟದ ದಾವೆಯಿಂದ ರಕ್ಷಣೆ ಇದೆ. ಈ ಏರ್ಪಾಡು ಚಾಲಕನಿಗಿಂತ ಕಂಪನಿಯ ಕಡೆಗೇ ವಾಲಿದೆ ಎಂದು ನನಗನ್ನಿಸುತ್ತದೆ. ಆದರೂ ದಾರಿ ಇಲ್ಲದಿಲ್ಲ. ಹಳೆಯ ಕಂಪನಿ ತನ್ನ ಬಗ್ಗೆ ಕೊಟ್ಟ ಮಾಹಿತಿಯನ್ನು ಚಾಲಕ ಬರಹದಲ್ಲಿ ಕೇಳಿ ಪಡೆಯಬಹುದು, ತಿದ್ದಲು ಹೇಳಬಹುದು. ತಿದ್ದದಿದ್ದರೆ ತನ್ನ ಲಿಖಿತ ಪ್ರತ್ಯುತ್ತರವನ್ನು ಅದರ ಜೊತೆಗೇ ಸೇರಿಸಬಹುದು. ಖಾಸಗಿ ವರದಿಯನ್ನು ಪ್ರಶ್ನಿಸಲು 1970ರ ಸಾಲ ವರದಿ ಕಾನೂನು ಇದೆ. ಬರಿ ಮಾತಿನ ಪ್ರತ್ಯುತ್ತರಕ್ಕೆ ಮಾತ್ರ ಕಿಮ್ಮತ್ತು ಕಡಿಮೆ. ಕೆಲಸ ಬಿಟ್ಟ ದಿನ ಟ್ರಕ್ಕು, ಟ್ರೇಲರುಗಳ ಸಂಖ್ಯೆ, ಯಾರ್ಡಿನ ಹೆಸರು, ಗಂಟೆ, ಓಡೋಮೀಟರಿನ ಫೋಟೋ, ಬೀಗದ ಕೈ ತೆಗೆದುಕೊಂಡವರ ಸಹಿ, ಇಷ್ಟು ಇಟ್ಟುಕೊಂಡವನಿಗೆ ಆ ಷರಾವನ್ನು ತೆಗೆಸಲು ಎರಡು ಪುಟದ ಪತ್ರ ಸಾಕಾಗಬಹುದು.