ಬೇಸಿಗೆಯ ವಿದ್ಯಾವಾಸ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಶಾಸ್ತ್ರದ ಪರಮೋಚ್ಚ ಪದವಿಗೆ ಎರಡು ಹಾದಿಗಳುಂಟು. ಪಿಎಚ್.ಡಿ. ಮುಖ್ಯವಾಗಿ ಸಂಶೋಧಕರದು; ಎಡ್.ಡಿ. ವೃತ್ತಿನಿರತರದು. 2007ರಲ್ಲಿ ಆರಂಭವಾದ ಕಾರ್ನೆಗಿ ಯೋಜನೆಯು ಎಡ್.ಡಿ. ಪದವಿಯನ್ನು ವೃತ್ತಿಯ ನಿಜಸಮಸ್ಯೆಗಳತ್ತ ತಿರುಗಿಸಲೆತ್ನಿಸಿತು.

ಇದನ್ನು ಓದುವವರಲ್ಲಿ ಅನೇಕರು ಶಿಕ್ಷಕರು, ಮುಖ್ಯೋಪಾಧ್ಯಾಯರು. ಶಾಲೆಗಳಿಗೆ ರಜೆಯಿರುವ ಜೂನ್‌-ಜುಲೈಗಳಲ್ಲಿ ಕೆಲವು ವಿಶ್ವವಿದ್ಯಾಲಯಗಳು ಅವರನ್ನು ಒಂದೆಡೆ ಕೂಡಿಸುತ್ತವೆ. ತುಂಬಿದ ಸಂಸಾರವನ್ನು ಬಿಟ್ಟು ಬಂದವರು ವಿದ್ಯಾರ್ಥಿನಿಲಯದ ಕಿರುಕೋಣೆಯಲ್ಲಿ ನೆಲೆಸುತ್ತಾರೆ. ಬೆಳಗ್ಗೆ ವಿಚಾರಗೋಷ್ಠಿ, ಮಧ್ಯಾಹ್ನ ಸಹಪಂಕ್ತಿಭೋಜನ, ಅನಂತರ ಗ್ರಂಥಾಲಯ, ರಾತ್ರಿ ಬರವಣಿಗೆ. ನಿನ್ನೆಯವರೆಗೆ ಮಕ್ಕಳ ಬರಹವನ್ನು ತಿದ್ದಿದವರು ಇಂದು ತಮ್ಮ ಬರಹವನ್ನು ತಿದ್ದಿಸಿಕೊಳ್ಳುತ್ತಾರೆ. ಈ ವಿನಯ ಸುಲಭಸಾಧ್ಯವಲ್ಲ.

ಕಲ್ಯಾಣದ ಶರಣರ ನೆನಪು ಇಲ್ಲಿ ಸಹಜವಾಗಿಯೇ ಮೂಡುತ್ತದೆ. ನುಲಿಯ ಚಂದಯ್ಯನು ಹಗ್ಗ ಹೊಸೆಯುವುದನ್ನು ಬಿಡಲಿಲ್ಲ. ಮೋಳಿಗೆಯ ಮಾರಯ್ಯನು ಸೌದೆಯ ಹೊರೆಯನ್ನು ಇಳಿಸಲಿಲ್ಲ. ಅನುಭಾವವು ಕಾಯಕದಿಂದ ಬೇರೆಯಾಗಿರಲಿಲ್ಲ. ಆದರೆ ಭೇದವನ್ನೂ ಮರೆಯಲಾಗದು: ಶರಣರು ಪದವಿಯನ್ನು ಬಯಸಿ ಕೂಡಿದವರಲ್ಲ.

ವಿದ್ಯಾವಾಸದ ನಿಜವಾದ ಪರೀಕ್ಷೆ ಅದು ಮುಗಿದ ಮೇಲೆಯೇ. ಗೆಳೆಯರ ಬಲ ದೂರವಾಗಿ, ಶಾಲೆಯ ಭಾರ ಮರಳಿದಾಗ, ಪಾಠಕ್ರಮ ಮುಗಿಸಿಯೂ ಪ್ರಬಂಧವನ್ನು ಪೂರೈಸಲಾರದೆ ನಿಲ್ಲುವವರು ಬಹುಮಂದಿ. ಅವರ ಶ್ರಮ ವ್ಯರ್ಥವೇ? ಬೇಸಿಗೆಯಲ್ಲಿ ಕಲಿತುದು ಅವರ ತರಗತಿಯ ಒಂದು ಮಗುವಿಗಾದರೂ ಬೆಳಕಾದರೆ, ನುಡಿಯು ನಡೆಯಾಯಿತೆಂದೇ ತಿಳಿಯಬೇಕು. ಹಾಗಾಗದಿದ್ದರೆ, ಪಡೆದ ಪದವಿಯೂ ಬರಿಯ ಹೆಸರಿನ ಭಾರವೇ ಸರಿ.